ಕೊಸರಿಗೆ ಬಂದ ತಾಟು

ಮೂರು ಪ್ಲಾಸ್ಟಿಕ್ ತಾಟುಗಳಿಗೆ ನಾನು ಕೊಟ್ಟದ್ದು ನಾಲ್ಕು ಸಾವಿರದ ಇನ್ನೂರು ರೂಪಾಯಿ. ಅಂಗಡಿಯವನು ಹೇಳಿದ್ದು ಐದು ಸಾವಿರದ ನಾನೂರು. ಸಾವಿರದ ಇನ್ನೂರು ಇಳಿಸಿದೆನೆಂದು ಎದೆ ಉಬ್ಬಿಸಿಕೊಂಡೇ ಕೊಲ್ಹಾಪುರದಿಂದ ಇಚಲಕರಂಜಿಗೆ ಬಂದೆ. ಊಟಕ್ಕೆ ಬಾರದ, ನೀರು ನಿಲ್ಲದ, ಗೋಡೆಗೆ ತೂಗುಹಾಕಿದರೂ ಚೆಂದ ಕಾಣದ ತಾಟುಗಳು. ಮೂವತ್ತು ವರ್ಷ ಬಟ್ಟೆಯ ದಲಾಲಿ ಮಾಡಿದವನು ನಾನು. ಮೀಟರಿಗೆ ನಾಲ್ಕಾಣೆ ಇಳಿಸಲು ಮೂರು ಕಪ್ ಚಹಾ ಕುಡಿದು ಕೂತವನು. ಅಂಥವನು ಇಷ್ಟು ದುಡ್ಡು ಯಾಕೆ ಬಿಚ್ಚಿದ ಎಂದರೆ, ಹೆಂಡತಿಯ ಸಕ್ಕರೆ ಇಳಿಯಬೇಕಿತ್ತು. ಬೆಲೆ ಇಳಿಸುವುದು ನನಗೆ ಗೊತ್ತು. ಸಕ್ಕರೆ ಇಳಿಸುವುದು ಗೊತ್ತಿರಲಿಲ್ಲ.

ಡಾಕ್ಟರು ಮೂರು ತಿಂಗಳ ಗಡುವು ಕೊಟ್ಟಿದ್ದರು. ದಿನಾ ಒಂದು ತಾಸು ನಡೆಯಬೇಕು; ಅಷ್ಟರಲ್ಲಿ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ. ನನ್ನ ಹೆಂಡತಿ ಸೂಜಿಯ ನೋವಿಗೆ ಅಂಜುವವಳಲ್ಲ. ಆದರೆ ಅವಳ ತಾಯಿ ಕೊನೆಯ ವರ್ಷಗಳನ್ನೆಲ್ಲ ಸೂಜಿಯ ಮೇಲೆಯೇ ಕಳೆದವರು. ಬೆಳಿಗ್ಗೆ ಎದ್ದು ಅವರಿಗೆ ಚುಚ್ಚುತ್ತಿದ್ದವಳು ಇವಳೇ. ಡಾಕ್ಟರು ಸೂಜಿ ಎಂದ ದಿನ ಮನೆಗೆ ಬಂದು ಚಹಾ ಮಾಡಿ, ತನ್ನ ಕಪ್ಪಿಗೆ ಸಕ್ಕರೆ ಹಾಕದೆ ಕುಡಿದು, ಮುಖ ಕಿವುಚಿ ಒಳಗೆ ಹೋದಳು.

ನಡೆಯುವುದೊಂದೇ ದಾರಿ ಎಂದು ನಾನು ಮರುದಿನದಿಂದಲೇ ಹೊರಡಿಸಿದೆ. ನಾಲ್ಕು ದಿನ ನಡೆದಳು. ಐದನೆಯ ದಿನ ರಸ್ತೆಯ ನಡುವೆ ನಿಂತುಬಿಟ್ಟಳು.

"ಎಲ್ಲಿಗೆ ಹೊಂಟೇವ್ರಿ ನಾವು?"

"ಎಲ್ಲಿಗೂ ಇಲ್ಲ. ನಡ್ಯಾಕ ಬಂದೇವಿ."

"ಎಲ್ಲಿಗೂ ಇಲ್ಲಂದ್ರ ಮನ್ಯಾಗ ಕುಂತ್ರ ಆತಲ್ರಿ? ಅಲ್ಲೇನ ಕಮ್ಮಿ ಐತಿ?"

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಮಗ್ಗ ದುರಸ್ತಿ ಮಾಡುವ ಜಾಬರ್ ಆಗಿದ್ದ ಕಾಲದಲ್ಲಿ ಅವಳು ಅದೇ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದಳು. ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ನೀರಿಗೆ, ಹಿಟ್ಟಿನ ಗಿರಣಿಗೆ, ಶೆಡ್ಡಿಗೆ, ಸಂತೆಗೆ ಎಂದು ಜೀವಮಾನವಿಡೀ ನಡೆದವಳು. ಕೆಲಸವಿಲ್ಲದೆ ಕೈ ಬೀಸಿಕೊಂಡು ಹೋಗಿ, ಏನೂ ತರದೆ ಹಾಗೇ ತಿರುಗಿ ಬರುವುದು ಅವಳಿಗೆ ನಡಿಗೆ ಎನಿಸಲೇ ಇಲ್ಲ. ಆಮೇಲೆ ಹಳೆಯ ಸೈಕಲ್ ಯಂತ್ರವೊಂದನ್ನು ಅರ್ಧ ಬೆಲೆಗೆ ತಂದೆ. ಎಷ್ಟು ತುಳಿದರೂ ಇದ್ದಲ್ಲೇ ಇರುವ ಸೈಕಲ್ಲು. ಅದರ ಮೇಲೆ ಈಗ ಟವೆಲ್ ಒಣಗುತ್ತವೆ. ಟವೆಲ್ ಒಣಗಿಸಲು ಮಾತ್ರ ಬಹಳ ಅನುಕೂಲ, ಸುಳ್ಳು ಹೇಳಬಾರದು.

ಹೀಗಿರುವಾಗ ಅವಳ ಅಣ್ಣ ಊರಿಂದ ಬಂದ. ಅವನು ಗಡಹಿಂಗ್ಲಜದ ಶಾಲೆಯಲ್ಲಿ ಆಟದ ಮಾಸ್ತರನಾಗಿದ್ದು ನಿವೃತ್ತನಾದವನು. ಗಡಹಿಂಗ್ಲಜದಲ್ಲಿ ಆಟ ಅಂದರೆ ಫುಟ್ಬಾಲ್. ಇವನೂ ಮಂಡಿ ಕೈಕೊಡುವವರೆಗೆ ಅದರ ಹಿಂದೆಯೇ ಓಡಿದ. ಮಂಡಿ ಬೇಡವೆಂದ ಮೇಲೆ ಎಲ್ಲಿಂದಲೋ ಡಿಸ್ಕ್ ಗಾಲ್ಫ್ ಎಂಬುದನ್ನು ಹಿಡಿದುಕೊಂಡು ಬಂದ. ಕೋಲಿಲ್ಲ, ಚೆಂಡಿಲ್ಲ. ಚಹಾದ ಬಶಿಗಿಂತ ದೊಡ್ಡದು, ಊಟದ ತಾಟಿಗಿಂತ ಚಿಕ್ಕದು ಎನ್ನುವಂಥ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಅದನ್ನು ಎಸೆಯುವುದು, ಬಿದ್ದಲ್ಲಿಗೆ ಹೋಗುವುದು, ಅಲ್ಲಿಂದ ಮತ್ತೆ ಎಸೆಯುವುದು, ಕಡೆಗೆ ಸರಪಳಿ ತೂಗಿಬಿಟ್ಟ ಕಬ್ಬಿಣದ ಬುಟ್ಟಿಯೊಳಗೆ ಬೀಳಿಸುವುದು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ನೂಲ ಎಂಬ ತಮ್ಮ ಹಳ್ಳಿಯ ಹೊರಗೆ, ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಸ್ವಂತ ಮಾಳದಲ್ಲಿ ಒಂಬತ್ತು ಬುಟ್ಟಿ ನೆಟ್ಟಿದ್ದ. ಬುಟ್ಟಿಗಳನ್ನು ಮಾಡಿಸಿಕೊಟ್ಟವನು ನಾನೇ. ಹಳೆಯ ಮಗ್ಗಗಳಲ್ಲಿ ನೂಲು ಸುತ್ತುವ ಬೀಮಿನ ತುದಿಗಿರುವ ಕಬ್ಬಿಣದ ಚಕ್ರಗಳನ್ನು ಗುಜರಿಯ ದರಕ್ಕೆ ಎತ್ತಿ, ಸರಪಳಿ ಬೆಸುಗೆ ಹಾಕಿಸಿ, ಒಂಬತ್ತನ್ನೂ ಒಂದೇ ಟೆಂಪೋದಲ್ಲಿ ಸಾಗಿಸಿದ್ದೆ. ಆದರೆ ಆಟ ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಅವನು ತಂಗಿಯ ಮುಂದೆ ಕೂತು ಹೇಳಿದ: "ತಂಗೆವ್ವಾ, ನೀ ನಡ್ಯಾಕ ಬರಬ್ಯಾಡ. ತಾಟ ಒಗ್ಯಾಕ ಬಾ."

"ದಿನಾ ಒಗೀತೇನಲ್ಲೋ ಅಣ್ಣಾ, ಎರಡ ಬಕೀಟ ಅರಿವಿ!"

ನಮ್ಮ ಕಡೆ ಬಟ್ಟೆ ತೊಳೆಯುವುದೂ ಒಗೆಯುವುದೇ, ಕಲ್ಲು ಬೀಸುವುದೂ ಒಗೆಯುವುದೇ. ಅಣ್ಣ ತಲೆ ಕೆರೆದುಕೊಂಡ.

"ಅದಲ್ಲವ್ವಾ. ತಾಟ ಗಾಳ್ಯಾಗ ಒಗೀಬೇಕು. ಎಲ್ಲಿ ಬೀಳತೈತಿ, ಅಲ್ಲಿಗೆ ಹೋಗಬೇಕು. ಅಲ್ಲಿಂದ ಮತ್ತ ಒಗೀಬೇಕು."

"ಒಗದದ್ದನ್ನ ನಾನ ಹೋಗಿ ತೊಗೊಂಡ ಬರಬೇಕು?"

"ಹೌದು."

"ಹಂಗಾದ್ರ ಒಗ್ಯೂದರ ಯಾಕ? ಕೈಯಾಗ ಹಿಡಕೊಂಡ ಹೋದ್ರ ಆತಲ್ಲ?"

ಇಡೀ ಜೀವಮಾನ ಮಕ್ಕಳಿಗೆ ಆಟ ಕಲಿಸಿದ ಮಾಸ್ತರ ನೀರಿನ ಲೋಟ ಎತ್ತಿ ಗಟಗಟ ಕುಡಿದ. ನನಗೆ ನಗು ತಡೆಯಲಾಗಲಿಲ್ಲ. ಅವನು ನನ್ನ ಕಡೆ ತಿರುಗಿದ. "ನೀವ ನಗಬ್ಯಾಡ್ರಿ ಪಾವಣ್ಯಾ. ಸೈಕಲ್ ಮ್ಯಾಲ ಟವೆಲ್ ಒಣಹಾಕಿದಾವ್ರು ನೀವು." ಪಾವಣ್ಯಾ ಎಂದರೆ ನೆಂಟ. ಮರಾಠಿಯಿಂದ ಬಂದ ಮಾತು. ತಂಗಿಯ ಗಂಡನನ್ನು ಹೀಗೆ ಕರೆಯುವಾಗ ಮರ್ಯಾದೆಯೂ ಇರುತ್ತದೆ, ಚುಚ್ಚುವುದೂ ಇರುತ್ತದೆ.

ಹೆಂಡತಿ ಹೇಳಿದಳು: "ಆತು. ಭಾವುಬೀಜಕ್ಕ ನಿನಗ ಆರತಿ ಮಾಡಾಕ ಬರ್ತೇನಲ್ಲ, ಅವತ್ತೊಂದಿನ ಒಗದ ನೋಡ್ತೇನಿ. ಬಂತಂದ್ರ ಬಂತು. ಬರಲಿಲ್ಲಂದ್ರ ಮುಂದ ಯಾರೂ ನನಗ ನಡಿ ಅನ್ನಬಾರದು. ಸೂಜಿ ಚುಚ್ಚಗೋತೇನಿ, ಸುಮ್ನ ಮನ್ಯಾಗ ಕುಂದರ್ತೇನಿ."

ನಾನು ಒಂದು ದರ ಹೇಳಿ ಅದನ್ನು ಹತ್ತು ಸಲ ಮೇಲೆ ಕೆಳಗೆ ಮಾಡುವವನು. ಅವಳು ಹಾಗಲ್ಲ. ಒಮ್ಮೆ ಹೇಳಿದ್ದು ಹೇಳಿದ್ದೇ. ಇದು ಕೊನೆಯ ಮಾತು ಎಂದು ನನಗೂ ಅವಳ ಅಣ್ಣನಿಗೂ ಗೊತ್ತಾಯಿತು.

"ನನ್ನ ತಾಟ ಅದಾವು, ಅವನ್ನ ಒಗೀಲಿ," ಎಂದ ಅವನು.

"ಬ್ಯಾಡ್ರಿ. ನನ್ನ ಹೆಂಡತಿ ಆಡೂ ತಾಟ ನಾನ ತರ್ತೇನಿ."

"ಹಂಗಾದ್ರ ಅಂಗಡ್ಯಾಗ ಒಂದ ಮಾತ ಕೇಳಿ ತೊಗೋರಿ."

"ಮಾಲ ಆರಸಾಕ ನಾ ಯಾರನ್ನ ಕೇಳಬೇಕ್ರಿ?" ಎಂದೆ. ಈ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊಲ್ಹಾಪುರದಲ್ಲಿ ಆಟದ ಸಾಮಾನಿನ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಫುಟ್ಬಾಲು, ಕುಸ್ತಿಯ ಲಂಗೋಟಿ, ಕ್ರಿಕೆಟ್ ಬ್ಯಾಟು ಬಿಟ್ಟು ಈ ತಾಟು ಇಟ್ಟವರು ವಿರಳ. ಮೂರು ಅಂಗಡಿಯಲ್ಲಿ ಮುಖ ನೋಡಿ ನಕ್ಕರು. ನಾಲ್ಕನೆಯವನು ಕಪಾಟಿನ ಮೇಲಿಂದ ಒಂದು ರಟ್ಟಿನ ಖೊಕ್ಕ ಇಳಿಸಿ ಧೂಳು ಊದಿದ. ಯಾರೋ ಹೇಳಿ ತರಿಸಿ, ಆಮೇಲೆ ಒಯ್ಯಲು ಬಾರದೆ ಉಳಿದ ಮಾಲು. ಧೂಳು ನೋಡಿದ ಕೂಡಲೇ ನನಗೆ ಹುರುಪು ಬಂತು. ಧೂಳು ಕೂತ ಮಾಲಿನ ಬೆಲೆ ಇಳಿಸುವಷ್ಟು ಸುಲಭದ ಕೆಲಸ ಬೇರೆ ಇಲ್ಲ.

"ಕುಣಾಸಾಠಿ ಪಾಹಿಜೆ, ಮಾಲಕ?" ಯಾರಿಗೆ ಬೇಕು ಎಂದು ಕೇಳಿದ.

"ಆಮಚ್ಯಾ ಮಂಡಳಿಸಾಠಿ," ಎಂದೆ. ಕೊಲ್ಹಾಪುರದ ಮರಾಠಿಯಲ್ಲಿ ಹೆಂಡತಿಯನ್ನು ಮಂಡಳಿ ಎನ್ನುತ್ತಾರೆ. ಇರುವವಳು ಒಬ್ಬಳೇ ಆದರೂ ಮರ್ಯಾದೆ ಮಾತ್ರ ಒಂದು ಇಡೀ ಕಮಿಟಿಯದು.

"ಪಹಿಲ್ಯಾಂದಾಚ ಖೇಳಣಾರ? ಮಗ ಹೇ ಘ್ಯಾ ಕೀ!" ಮೊದಲ ಸಲ ಆಡುವವರಾದರೆ ಇದನ್ನು ಒಯ್ಯಿರಿ ಎಂದು ಒಂದನ್ನು ಮುಂದೆ ಇಟ್ಟ. ಕಿತ್ತಳೆ ಬಣ್ಣದ್ದು. ಹಿಂದೆ ಷೋಕೇಸಿನಲ್ಲಿಟ್ಟಾಗ ಬಿಸಿಲು ಬಿದ್ದು ಅರ್ಧ ಮುಖ ಮಾಸಿತ್ತು. ಕೈಗೆ ಹಗುರ, ಅಂಚು ಮೊಂಡು, ಬೆಲೆ ಏಳುನೂರು. ಉಳಿದವು ತೆಳು ಅಂಚಿನವು, ಥಳಥಳ ಹೊಳೆಯುವವು, ಒಂದಕ್ಕೆ ಸಾವಿರದ ಎಂಟುನೂರು.

ಇಲ್ಲಿ ನನ್ನ ಮೂವತ್ತು ವರ್ಷದ ಅನುಭವ ಎಚ್ಚೆತ್ತಿತು. ಅಂಗಡಿಯವನು ತಾನಾಗಿ ಯಾವುದನ್ನು ಮುಂದೆ ತಳ್ಳುತ್ತಾನೋ ಅದು ಅವನಿಗೆ ಹೊರೆಯಾದ ಮಾಲು. ಅದರಲ್ಲೂ ದುಬಾರಿಯದನ್ನು ಬಿಟ್ಟು ಅಗ್ಗದ್ದನ್ನು ತಳ್ಳುತ್ತಿದ್ದಾನೆಂದರೆ ಅದರಲ್ಲಿ ಏನೋ ದೋಷವಿರಲೇಬೇಕು. ನಾನು ಆ ಮಾಸಲು ತಾಟನ್ನು ಎರಡು ಬೆರಳಲ್ಲಿ ಬದಿಗೆ ಸರಿಸಿ, ಹೊಳೆಯುವವುಗಳನ್ನು ಎತ್ತಿಕೊಂಡೆ.

ಪ್ರತಿಯೊಂದರ ಮೇಲೂ ನಾಲ್ಕು ನಂಬರು ಅಚ್ಚೊತ್ತಿತ್ತು. ಕಿತ್ತಳೆಯದರ ಮೊದಲ ನಂಬರು ಮೂರು. ಹೊಳೆಯುವುದರದ್ದು ಹನ್ನೆರಡು. ನನಗೆ ಎಲ್ಲ ಅರ್ಥವಾಗಿಬಿಟ್ಟಿತು! ನಮ್ಮ ವ್ಯಾಪಾರದಲ್ಲಿ ನೂಲಿಗೆ ಕೌಂಟ್ ಎಂಬ ನಂಬರಿದೆ. ಇಪ್ಪತ್ತು ಅಂದರೆ ದಪ್ಪ, ನಲವತ್ತು ಅಂದರೆ ತೆಳು, ಎಂಬತ್ತು ಅಂದರೆ ಇನ್ನೂ ನಯ. ನಂಬರು ಏರಿದಂತೆ ಮಾಲೂ ಏರುತ್ತದೆ, ಬೆಲೆಯೂ ಏರುತ್ತದೆ. ಇಲ್ಲಿಯೂ ಮೂರಕ್ಕೆ ಏಳುನೂರು, ಹನ್ನೆರಡಕ್ಕೆ ಸಾವಿರದ ಎಂಟುನೂರು. ಇನ್ನೇನು ಕೇಳುವುದಿದೆ? ತಿರುವಿ ತೂಕ ನೋಡಿದೆ. ಕಿತ್ತಳೆಯದು ನೂರಾ ಐವತ್ತು ಗ್ರಾಂ, ಹೊಳೆಯುವವು ನೂರಾ ಎಪ್ಪತ್ತೈದು. ತೂಕವೂ ಹೆಚ್ಚು, ನಂಬರೂ ಹೆಚ್ಚು. ಹನ್ನೆರಡರದ್ದೇ ಮೂರು ಆರಿಸಿದೆ: ಒಂದು ನೀಲಿ, ಎರಡು ಹಸಿರು. ಹಸಿರು ಅವಳಿಗೆ ಇಷ್ಟದ ಬಣ್ಣ.

ಚೌಕಾಸಿ ಮುಗಿದು ನಾಲ್ಕು ಸಾವಿರದ ಇನ್ನೂರಕ್ಕೆ ಬಂದು ನಿಂತಿತು. ನೋಟು ಕೊಡುವ ಮೊದಲು ಕೊನೆಯ ಪ್ರಶ್ನೆ ಕೇಳಿದೆ: "ವರ ಕಾಯ್ ದೇತಾ?" ಮೇಲೆ ಕೊಸರು ಏನು ಕೊಡುತ್ತೀ? ಒಂದು ಡಜನ್ ಬಾಳೆಹಣ್ಣು ಕೊಂಡರೂ ಒಂದು ಹಣ್ಣು ಕೊಸರು ಕೇಳದೆ ನಾನು ಎದ್ದವನಲ್ಲ. ಅವನು ಸುತ್ತಮುತ್ತ ನೋಡಿ, ಆ ಮಾಸಲು ಕಿತ್ತಳೆಯನ್ನೇ ಎತ್ತಿ ಚೀಲಕ್ಕೆ ಹಾಕಿದ. ಹಾಕುತ್ತ, "ಮಾಲಕ, ಹೀಚ ಖರಿ ತುಮಚ್ಯಾ ಕಾಮಾಚಿ," ಎಂದ. ನಿಮ್ಮ ಕೆಲಸಕ್ಕೆ ಬರುವುದು ಇದೇ ಎಂದು. ಪುಕ್ಕಟೆ ಕೊಡುವುದನ್ನು ಎಲ್ಲರೂ ಹೀಗೆಯೇ ಹೊಗಳುತ್ತಾರೆ ಎಂದುಕೊಂಡೆ.

ದೀಪಾವಳಿಯ ಭಾವುಬೀಜದ ದಿನ ಕಾರಿನಲ್ಲಿ ನೂಲಕ್ಕೆ ಹೋದೆವು. ಅಣ್ಣನಿಗೆ ಆರತಿಯಾಯಿತು, ಊಟವಾಯಿತು. ಬಿಸಿಲು ಇಳಿದ ಮೇಲೆ ಮೂವರೂ ಮಾಳಕ್ಕೆ ಹೊರಟೆವು. ಅವಳು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಅಣ್ಣನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದಳು. ನಡುವೆ ತಿನ್ನಲು ಒಂದು ಸ್ಟೀಲ್ ಡಬ್ಬಿ ಚಿವಡಾ ಬೇರೆ. ಅಣ್ಣ ಮೊದಲ ಬುಟ್ಟಿ ತೋರಿಸಿದ. ಎಂಬತ್ತು ಹೆಜ್ಜೆ ದೂರ, ಎಡಗಡೆ ಆಳೆತ್ತರದ ಕಬ್ಬು, ಬಲಗಡೆ ಬರಿ ಹುಲ್ಲು. ಬದುವಿನ ಮೇಲೆ ಮೇವು ಕೊಯ್ಯುತ್ತಿದ್ದ ಇಬ್ಬರು ಹೆಂಗಸರು ಕುಡುಗೋಲು ನಿಲ್ಲಿಸಿ ನೋಡತೊಡಗಿದರು. ಹೆಂಡತಿಯ ಕಿವಿಯ ತುದಿ ಕೆಂಪಾಯಿತು.

ನೀಲಿ ತಾಟು ಕೈಗೆ ಕೊಟ್ಟೆ. ಅಣ್ಣ ನಿಲ್ಲುವುದು, ಹಿಡಿಯುವುದು ತೋರಿಸಿದ. ಅವಳು ಒಗೆದಳು. ತಾಟು ಹೊರಟಿತು, ಮೂತಿ ಎತ್ತಿತು, ವಾಲಿತು, ಎಡಕ್ಕೆ ಹೊರಳಿ ನೇರ ಕಬ್ಬಿನೊಳಗೆ ಇಳಿಯಿತು.

"ಜೋರ ಒಗಿ!" ಎಂದೆ ನಾನು.

ಎರಡನೆಯದನ್ನು ಜೋರಾಗಿ ಒಗೆದಳು. ಅದು ಇನ್ನೂ ಮೇಲೆ ಹೋಗಿ ಇನ್ನೂ ಬೇಗ ಎಡಕ್ಕೆ ಬಿತ್ತು. ಕಬ್ಬು.

"ಇನ್ನೂ ಜೋರ! ಭುಜಾ ಹಚ್ಚು!"

ಮೂರನೆಯದು. ಕಬ್ಬು. ಹಸಿರು ಎಲೆಯಲ್ಲಿ ಹಸಿರು ತಾಟು.

ಬದುವಿನ ಮೇಲಿಂದ ದನಿ ಬಂತು: "ಯವ್ವಾ, ಮಾಸ್ತರ ತಂಗಿ ತಾಟ ಎಲ್ಲಾ ಕಬ್ಬಿಗೆ ಉಣ್ಣಾಕ ಹಾಕಿದ್ಲ ನೋಡ!" ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಹೆಂಡತಿ ಭುಜ ಹಿಡಿದುಕೊಂಡು ನಿಂತಳು. ಆಮೇಲೆ ಕೈ ಒರೆಸಿಕೊಂಡಳು. "ಆತಲ್ರಿ? ನೋಡಿದ್ರಿಲ್ಲೊ? ನನಗ ಬರಂಗಿಲ್ಲ. ಮಾತ ಮುಗೀತು." ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅಂಗಡಿ ಬಾಗಿಲು ಎಳೆದವರ ಹಾಗೆ ಹೇಳಿ, ಶೂ ಬಿಚ್ಚಲು ಬದುವಿನ ಕಲ್ಲಿನ ಮೇಲೆ ಕೂತಳು.

ಅಣ್ಣ ಕಬ್ಬಿನೊಳಗೆ ನುಗ್ಗಿದ. ಮುಂಗೈಗೆ ಗೀರು ಹಾಕಿಸಿಕೊಂಡು ನೀಲಿಯದೊಂದನ್ನು ಹೇಗೋ ಹುಡುಕಿ ತಂದ. ಅದರ ಮೇಲಿನ ನಂಬರು ನೋಡಿದ. ನನ್ನನ್ನು ನೋಡಿದ.

"ಹನ್ನೆರಡು! ಪಾವಣ್ಯಾ, ಇದನ್ನ ಯಾವ ಪುಣ್ಯಾತ್ಮ ನಿಮಗ ಕೊಟ್ಟ?"

"ಕೊಡಲಿಲ್ರಿ. ನಾನ ಆರಿಸಿದೆ. ನಂಬರ ದೊಡ್ಡದಿದ್ರ ಮಾಲ ನಯ ಇರತೈತಿ ಅಂತ..."

"ಇದೇನ ನೂಲಿನ ಕೌಂಟ ಏನ್ರಿ? ನಿಮ್ಮ ನೂಲಿನ ಲೆಕ್ಕ ನಮ್ಮ ನೂಲದಾಗ ನಡಿಯಂಗಿಲ್ರಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಮಾಸ್ತರ ಹೊರಬಂದ. "ಹನ್ನೆರಡಂದ್ರ ಓಟದ ನಂಬರ್ರಿ. ಅಷ್ಟ ಬಿರುಸ ಒಗದ್ರನ ಅದು ನೆಟ್ಟಗ ಹೋಗತೈತಿ. ಇಲ್ಲಂದ್ರ ಎಡಕ್ಕ ಬಿದ್ದ ಸಾಯತೈತಿ. ಇದನ್ನ ನಾ ಒಗದ್ರೂ ಕಬ್ಬ. ವರ್ಷಗಟ್ಟಲೆ ಆಡಿದ ಹುಡುಗರ ಕೈಗೆ ಬರೂ ತಾಟ ಇದು."

ಶೂವಿನ ಲೇಸು ಹಿಡಿದಿದ್ದ ಅವಳ ಕೈ ನಿಂತಿತು. "ಅಂದ್ರ ತಪ್ಪ ನಂದಲ್ಲ?"

ಇಬ್ಬರೂ ನನ್ನನ್ನು ನೋಡಿದರು. ವ್ಯಾಪಾರದಲ್ಲಿ ನಾನು ತಪ್ಪು ಒಪ್ಪಿಕೊಂಡವನಲ್ಲ. ಬಟ್ಟೆಯ ಥಾನಿನಲ್ಲಿ ತೂತಿದ್ದರೂ ಅದು ಗಾಳಿಯಾಡಲಿಕ್ಕೆ ಎಂದು ಮಾರಿದ್ದೇನೆ. ಆದರೆ ಇಲ್ಲಿ ನಾನು ಬಾಯಿ ಬಿಡದಿದ್ದರೆ ಅವಳು ಶೂ ಬಿಚ್ಚುತ್ತಾಳೆ. ಬಿಚ್ಚಿದರೆ ಇನ್ನು ಹಾಕುವುದಿಲ್ಲ. ಮನೆಯಲ್ಲಿ ಬೆಳಿಗ್ಗೆ ಸೂಜಿ ಹಿಡಿದು ಕೂರುವವನು ನಾನೇ ಆಗುತ್ತೇನೆ.

"ತಪ್ಪ ನಂದು," ಎಂದೆ.

"ಏನಂದ್ರಿ? ಸರಿಯಾಗಿ ಕೇಳಸಲಿಲ್ಲ," ಎಂದಳು.

"ತಪ್ಪ ನಂದು ಅಂದೆ. ಮಾಲ ತಪ್ಪ ಬಂದ್ರ ಸೌದಾ ಮುರೀತೈತಿ. ನೀ ಹಾಕಿದ ಕರಾರೂ ಮುರೀತು. ಇನ್ನೊಮ್ಮಿ ಒಗಿ."

"ಅಣ್ಣಾ, ಕೇಳಿದ್ಯೊ? ಇಪ್ಪತ್ತೆಂಟ ವರ್ಷದಾಗ ಇದ ಮೊದಲನೇ ಸರ್ತಿ!" ಎಂದಳು. ಲೇಸು ಮತ್ತೆ ಬಿಗಿದಳು.

ಈಗ ಒಗೆಯಲು ಏನಿದೆ? ಅಣ್ಣ ತನ್ನ ತಾಟು ತರಲು ಮನೆಗೆ ಹೊರಟವನು, ಬಾಯಿಗಿಷ್ಟು ಹಾಕಿಕೊಂಡು ಹೋಗೋಣವೆಂದು ಚಿವಡಾದ ಡಬ್ಬಿಗೆ ಕೈ ಹಾಕಿದ. ಡಬ್ಬಿಯ ಮುಚ್ಚಳ ಹಬ್ಬದ ಗಡಿಬಿಡಿಯಲ್ಲಿ ಎಲ್ಲೋ ಕಳೆದಿತ್ತು. ಹೆಂಡತಿ ಅಳತೆಗೆ ಸರಿ ಬಂತೆಂದು ಆ ಕಿತ್ತಳೆ ತಾಟನ್ನು ಬೋರಲು ಹಾಕಿ ಮುಚ್ಚಿದ್ದಳು. ಅಣ್ಣ ಅದನ್ನೆತ್ತಿ ತಿರುವಿ ನೋಡಿದ.

"ಮೂರ ನಂಬರ, ನೂರಾ ಐವತ್ತ ಗ್ರಾಂ. ಪಾವಣ್ಯಾ, ಇದನ್ನ ಯಾಕ ಮುಚ್ಚಳಾ ಮಾಡೀರಿ?"

"ಅದು ಕೊಸರಿಗೆ ಬಂದದ್ರಿ."

"ನೀವ ರೊಕ್ಕಾ ಕೊಟ್ಟದ್ದೆಲ್ಲಾ ಕೊಸರು, ಇದ ಖರೇ ಮಾಲು," ಎಂದು ಚಿವಡಾದ ಎಣ್ಣೆ ಒರೆಸಿ ತಂಗಿಯ ಕೈಗಿಟ್ಟ. "ಭುಜಾ ಬ್ಯಾಡವ್ವಾ. ಮುಂಗೈ ಅಷ್ಟ."

ಮುಂಗೈ ಎಂದದ್ದೇ ಅವಳಿಗೆ ಏನೋ ಹೊಳೆದಿರಬೇಕು. ಶೆಡ್ಡಿನಲ್ಲಿ ಕಾಂಡಿ ತುಂಬುವಾಗ ಅವಳು ಏಳುತ್ತಿರಲಿಲ್ಲ. ತುಂಬಿದ್ದನ್ನು ಕೂತಲ್ಲಿಂದಲೇ ಮಣಿಕಟ್ಟು ತಿರುವಿ ಪೆಟ್ಟಿಗೆಗೆ ಬೀಸುತ್ತಿದ್ದಳು. ದಿನಕ್ಕೆ ನೂರಾರು. ಅದೇ ಕೈ ಬೀಸಿತು. ತಾಟು ನೆಲಕ್ಕೆ ಸಮವಾಗಿ ಹೊರಟು, ಆತುರವಿಲ್ಲದೆ ತೇಲಿ, ಹುಲ್ಲಿನ ಮೇಲೆ ಮಲಗಿತು. ದೂರ ಹೋದದ್ದು ಇಪ್ಪತ್ತೈದು ಹೆಜ್ಜೆ. ಆದರೆ ನೆಟ್ಟಗೆ, ಬುಟ್ಟಿಯ ದಿಕ್ಕಿಗೇ.

ಅವಳು ಅದರ ಕಡೆ ನಡೆದಳು. ಎತ್ತಿದಳು, ಒಗೆದಳು, ನಡೆದಳು. ಒಮ್ಮೆ ಕಲ್ಲಿಗೆ ತಾಗಿ ಬಲಕ್ಕೆ ಉರುಳಿತು. ಅದಕ್ಕೊಂದು ಬೈಗುಳ ಕೊಟ್ಟು ಅಲ್ಲಿಗೂ ನಡೆದಳು. ಬುಟ್ಟಿಯ ಹತ್ತಿರ ಬಂದು ಎರಡು ಸಲ ತಪ್ಪಿತು. ಹನ್ನೊಂದನೆಯ ಎಸೆತಕ್ಕೆ ಸರಪಳಿ ಝಣ್ ಎಂದಿತು. ಬದುವಿನ ಮೇಲಿನ ಹೆಂಗಸೊಬ್ಬಳು "ಬಿತ್ತವಾ ಬಿತ್ತು!" ಎಂದು ಕೂಗಿದಳು. ಹೆಂಡತಿ ಬುಟ್ಟಿಗೆ ಕೈ ಹಾಕಿ ತಾಟು ತೆಗೆದು, ತಿರುಗಿ ನೋಡದೆ ಕೇಳಿದಳು: "ಅಣ್ಣಾ, ಮುಂದಿನ ಬುಟ್ಟಿ ಎಲ್ಲೈತಿ?"

ಸೂರ್ಯ ಮುಳುಗುವಷ್ಟರಲ್ಲಿ ಐದು ಬುಟ್ಟಿ ಮುಗಿದಿದ್ದವು. ನಾನು ಹಿಂದೆ ಹಿಂದೆ ಡಬ್ಬಿ ಹಿಡಿದು ಹೋಗುತ್ತಿದ್ದೆ. ಒಂದು ತಾಸಿನ ಮೇಲಾಗಿರಬೇಕು. ಎಲ್ಲಿಗೆ ಹೊರಟಿದ್ದೇವೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಎಲ್ಲಿ ನೆನಪಾಗಿಬಿಡುತ್ತದೋ ಎಂದು.

ಇಚಲಕರಂಜಿಗೆ ಬಂದ ಮೇಲೆ ಗುಜರಿಯಿಂದ ಇನ್ನೆರಡು ಬುಟ್ಟಿ ಮಾಡಿಸಿ, ಪರಿಚಯದವರ ಖಾಲಿ ಪ್ಲಾಟಿನ ಎರಡು ತುದಿಗೆ ನೆಟ್ಟೆ. ಬೆಳಿಗ್ಗೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಅವಳ ಆಟ. ತಿಂಗಳ ನಂತರ ಎರಡನೆಯ ತಾಟು ಬೇಕೆಂದಳು. ಕೊಲ್ಹಾಪುರದ ಅದೇ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋದೆ. ಅಂಗಡಿಯವನು ನನ್ನ ಗುರುತು ಹಿಡಿದು ಮೀಸೆಯಲ್ಲಿ ನಕ್ಕ. ಹನ್ನೆರಡರ ನೀಲಿಯನ್ನು ವಾಪಸು ತೆಗೆದುಕೊಳ್ಳುತ್ತೀಯಾ ಎಂದರೆ ಕೈ ಮುಗಿದ. 'ಮಂಡಳಿ'ಯ ಕೈಗೆ ಒಂದೊಂದೇ ತಾಟು ಕೊಟ್ಟ. ಅವಳು ಹಿಡಿದು, ಅಂಚು ಒತ್ತಿ, ಕಣ್ಣು ಮುಚ್ಚಿ ತೂಗಿ, ಐದು ನಂಬರಿನ ಗುಲಾಬಿ ಬಣ್ಣದ್ದೊಂದನ್ನು ಎತ್ತಿಕೊಂಡಳು. ಬೆಲೆ ಮಾತಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅರವತ್ತು ರೂಪಾಯಿ ಇಳಿಸಿ ಮುಗಿಸಿದಳು. ಇನ್ನೂ ಇಳಿಯುತ್ತಿತ್ತು. ಆದರೆ ನಾನು ಹೇಳಲಿಲ್ಲ.

ಗಡುವು ಮುಗಿದು ಡಾಕ್ಟರು ರಿಪೋರ್ಟು ನೋಡಿದರು. ಇಳಿದಿದೆ, ಪೂರ್ತಿ ಅಲ್ಲ ಎಂದರು. ಸೂಜಿ ಈಗ ಬೇಡ, ಇನ್ನು ಮೂರು ತಿಂಗಳು ಹೀಗೆಯೇ ನಡೆಯಲಿ, ನೋಡೋಣ.

"ಇನ್ನೂ ಮೂರ ತಿಂಗಳ ಒಗೀಬೇಕ?" ಎಂದು ಅವಳು ದೊಡ್ಡ ಕಷ್ಟ ಬಂದವಳಂತೆ ನಿಟ್ಟುಸಿರು ಬಿಟ್ಟಳು. ಮರುದಿನ ನಾನು ಏಳುವ ಮೊದಲೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಮನೆಯಲ್ಲಿ ಯಾರಾದರೂ ಈ ಆಟ ಹೊಸದಾಗಿ ಶುರುಮಾಡುವವರಿದ್ದರೆ ಎರಡು ತಾಟು ಸಾಕು. ಒಂದರ ಮೊದಲ ನಂಬರು ಎರಡೋ ಮೂರೋ ಇರಲಿ, ಇನ್ನೊಂದರದ್ದು ನಾಲ್ಕೋ ಐದೋ. ಏಳರ ಮೇಲಿನದನ್ನು ಒಂದು ವರ್ಷ ಮುಟ್ಟಬೇಡಿ, ಅರ್ಧ ಬೆಲೆಗೆ ಕೊಟ್ಟರೂ. ಎರಡನೆಯ ನಂಬರು ಎಷ್ಟು ಹೊತ್ತು ತೇಲುತ್ತದೆ ಎಂಬುದಕ್ಕೆ. ಅದು ಹೆಚ್ಚಿದ್ದಷ್ಟೂ ಹೊಸಬರಿಗೆ ಒಳ್ಳೆಯದು. ಮೂರನೆಯದರ ಹಿಂದೆ ಮೈನಸ್ ಗುರುತಿದ್ದರೆ ಹೆದರಬೇಡಿ, ಅದು ಖೋಟಾ ಅಲ್ಲ. ಅಂಥದು ಮೆಲ್ಲನೆ ಒಗೆದರೂ ನೆಟ್ಟಗೆ ಹೋಗುತ್ತದೆ. ನಾಲ್ಕನೆಯದು ಕೊನೆಗೆ ಎಷ್ಟು ಪಕ್ಕಕ್ಕೆ ಬೀಳುತ್ತದೆ ಎನ್ನುವುದು. ಅದು ಸೊನ್ನೆ, ಒಂದರ ಹತ್ತಿರ ಇರಲಿ. ತೂಕ ನೂರಾ ಐವತ್ತರಿಂದ ನೂರಾ ಅರವತ್ತೈದು ಗ್ರಾಂ. ಅಗ್ಗದ ಪ್ಲಾಸ್ಟಿಕ್ಕಿಗೆ ನಾಚಬೇಡಿ. ಅದು ಬೇಗ ಸವೆಯುತ್ತದೆ, ನಿಜ, ಆದರೆ ಬೆವರಿದ ಕೈಯಿಂದ ಜಾರುವುದಿಲ್ಲ. ಹಸಿರು ಬಣ್ಣ ಮಾತ್ರ ಬೇಡವೇ ಬೇಡ, ಕಬ್ಬಿನ ಸೀಮೆಯಲ್ಲಂತೂ ಬೇಡ. ತಳದಲ್ಲಿ ಮಾರ್ಕರಿನಿಂದ ಫೋನ್ ನಂಬರು ಬರೆದಿಡಿ. ಕಬ್ಬು ಕಡಿಯುವವರಿಗೆ ಸಿಕ್ಕರೆ ಒಂದು ಫೋನಾದರೂ ಬಂದೀತು.

ಅಂಗಡಿಗೆ ಆಡುವವರನ್ನೇ ಕರೆದುಕೊಂಡು ಹೋಗಿ. ಹಿಡಿದು ನೋಡುವುದು ಅವರು, ಇದು ಬೇಕು ಎನ್ನುವುದೂ ಅವರೇ. ಅಷ್ಟು ಹೊತ್ತು ನೀವು ಎದುರಿನ ಗಾಡಿಯಲ್ಲಿ ಚಹಾ ಕುಡಿಯುತ್ತಿರಿ. ಮಾಳದಲ್ಲಿ ಅವರ ಹಿಂದೆ ನಿಂತು ಜೋರಾಗಿ ಒಗೆ ಎಂದು ಕೂಗಬೇಡಿ. ನೀರಿನ ಬಾಟಲಿ ನೀವು ಹೊತ್ತುಕೊಳ್ಳಿ. ಅವರ ಕೈಯಲ್ಲಿ ತಾಟೊಂದೇ ಇರಲಿ.